ಮೂರು ಸಿಂಕಿನ ಅಡುಗೆಮನೆ

ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಹಾಗೆ ಕರೆಯಬೇಕಾದವನು ಒಬ್ಬನೇ, ಗಂಡನ ತಮ್ಮ. ಅವನ ಬಾಯಿಂದ ಆ ಮಾತು ಟ್ಯಾಪ್‌ರೂಮಿನ ಗಿರಾಕಿಗಳ ಬಾಯಿಗೆ ಹೋಯಿತು. "ಅತ್ತಿಗೆ, ಇನ್ನೊಂದು ಬಟ್ಟಲು ಕಡಲೆ!" "ಅತ್ತಿಗೆ, ಮೊಟ್ಟೆ ಖಾಲಿಯಾಯ್ತಾ?" ಎಂದು ಕೂಗಿ ಕೂಗಿ ಅವಳನ್ನು ಊರಿಗೇ ಅತ್ತಿಗೆ ಮಾಡಿಬಿಟ್ಟರು. ಅದರಲ್ಲೊಂದು ಅನುಕೂಲವೂ ಇತ್ತು. ಅಡುಗೆಯವಳಾದರೆ ಸಂಬಳ ಕೊಡಬೇಕು, ಅತ್ತಿಗೆಗೆ ಕೊಡಬೇಕಾಗಿಲ್ಲ.

ಮಾವ ಬದುಕಿದ್ದಾಗ ಸೋಡಾ ತುಂಬುತ್ತಿದ್ದ ಶೆಡ್ಡು ಅದು. ಅವರು ಹೋದ ಮೇಲೆ ಮೈದುನ ಎಲ್ಲೋ ಹೋಗಿ ಬಿಯರ್ ಮಾಡುವುದನ್ನು ಕಲಿತು ಬಂದ. ಅಣ್ಣತಮ್ಮ ಸೇರಿ ಶೆಡ್ಡಿನ ಹಿಂಭಾಗದಲ್ಲಿ ಆಳೆತ್ತರದ ಸ್ಟೀಲ್ ಟ್ಯಾಂಕುಗಳನ್ನು ನಿಲ್ಲಿಸಿದರು. ಮುಂಭಾಗದಲ್ಲಿ ಉದ್ದ ಮೇಜು, ಬೆಂಚು, ಗೋಡೆಗೆ ಸಾಲಾಗಿ ನಲ್ಲಿ. ಅಲ್ಲೇ ತಯಾರಾದದ್ದನ್ನು ಅಲ್ಲೇ ಕೂತು ಕುಡಿಯುವ ಜಾಗ, ಅದೇ ಟ್ಯಾಪ್‌ರೂಮು. ಮೈದುನ ಟ್ಯಾಂಕುಗಳ ಯಜಮಾನ. ಗಂಡ ನಲ್ಲಿಗಳ ಯಜಮಾನ; ಗ್ಲಾಸು ತುಂಬುವುದು, ಬಂದವರೊಡನೆ ಹರಟುವುದು ಅವನ ಕೆಲಸ. ಶೆಡ್ಡಿನ ಹಿಂದೊಂದು ಅಂಗಳ, ಅಂಗಳದಾಚೆ ಮನೆ, ಮನೆಯ ಹಿಂದುಗಡೆ ಅಡುಗೆಕೋಣೆ. ಅಲ್ಲಿ ಅತ್ತಿಗೆ.

ಅವಳ ತಾಯಿ ಆಫೀಸಿನವರಿಗೆ ಊಟ ಹಾಕುವ ಮೆಸ್ ನಡೆಸಿದವಳು. ಹಾಗಾಗಿ ಹೊರಗಿನವರಿಗೆ ಮಾಡಿ ಬಡಿಸುವುದು ಇವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಕಡಲೆಬೀಜಕ್ಕೆ ಉಪ್ಪು ನೀರು ಚಿಮುಕಿಸಿ, ಬಟ್ಟೆಯ ಮೇಲೆ ಹರವಿ ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತಿದ್ದಳು. ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು ಕೊನೆಗೆ. ಬೇಯಿಸಿದ ಮೊಟ್ಟೆಯನ್ನು ಸೀಳಿ ಮೇಲೆ ಈರುಳ್ಳಿ ಉದುರಿಸಿ ಕೊಡುತ್ತಿದ್ದಳು. ಮೂಲೆ ಬೆಂಚಿನಲ್ಲಿ ಕೂರುವ ನಿವೃತ್ತ ಮೇಷ್ಟ್ರು ಹೇಳುತ್ತಿದ್ದರು: "ಬಿಯರ್ ಯಾರು ಬೇಕಾದ್ರೂ ಮಾಡ್ತಾರಪ್ಪ. ಈ ಕಡಲೆ ಇಲ್ದಿದ್ರೆ ನಾನು ನಿಮ್ಮ ಮೆಟ್ಟಿಲು ಹತ್ತಲ್ಲ." ಆ ಮಾತಿಗೆ ಗಂಡ ಹೆಮ್ಮೆಯಿಂದ ನಗುತ್ತಿದ್ದ, ತಾನೇ ಹುರಿದವನ ಹಾಗೆ.

ಮೈದುನನಿಗೆ ಶುಚಿಯೆಂದರೆ ಹುಚ್ಚು. ಟ್ಯಾಂಕನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆದು, ಆಮ್ಲದಲ್ಲಿ ತೊಳೆದು, ಬಿಸಿನೀರಿನಲ್ಲಿ ಮತ್ತೆ ತೊಳೆದು, ಒಳಗೆ ಟಾರ್ಚು ಬಿಟ್ಟು ನೋಡುತ್ತಿದ್ದ. "ಒಂದು ಹನಿ ಕೊಳೆ ಸಾಕು ಅತ್ತಿಗೆ, ಇಡೀ ಟ್ಯಾಂಕು ಹುಳಿ ಹೊಡೆದುಹೋಗತ್ತೆ," ಎನ್ನುತ್ತಿದ್ದ. ಅತ್ತಿಗೆಯ ಅಡುಗೆಕೋಣೆಯಲ್ಲಿ ಇದ್ದದ್ದು ಒಂದೇ ಸಿಂಕು. ಮನೆಯ ಮುಸುರೆ, ಗಿರಾಕಿಗಳ ಬಟ್ಟಲು, ಹಸಿ ಮಾಂಸ ತೊಳೆದ ನೀರು, ಹಾಸಿಗೆ ಹಿಡಿದ ಅತ್ತೆಯ ಬಾಯಿ ಮುಕ್ಕಳಿಸಿದ ಬೋಗುಣಿ, ಎಲ್ಲಕ್ಕೂ ಅದೇ. ಇನ್ನೊಂದು ಸಿಂಕು ಹಾಕಿಸಿಕೊಡಿ ಎಂದು ಅವಳು ಕೇಳಿದಾಗಲೆಲ್ಲ ಗಂಡನ ಉತ್ತರ ಒಂದೇ: "ನಮ್ಮಮ್ಮ ಬಾವಿಕಟ್ಟೆ ಮೇಲೆ ತೊಳೀತಿದ್ಲು, ನಾವೇನು ಸತ್ತುಹೋದ್ವಾ?"

ಒಂದು ಮಧ್ಯಾಹ್ನ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರಮ್ಮ ಬಂದಳು. ನಡುವಯಸ್ಸು, ಕಾಲಿಗೆ ಕ್ಯಾನ್ವಾಸ್ ಶೂ, ಮಾತು ಕಡಿಮೆ. ಟ್ಯಾಂಕುಗಳನ್ನು ನೋಡಿ ತಲೆಯಾಡಿಸಿದಳು. ಮೈದುನ ಉಬ್ಬಿದ. ಆಮೇಲೆ ಮೇಜಿನ ಮೇಲಿದ್ದ ಬಟ್ಟಲಿನಿಂದ ಒಂದು ಕಡಲೆ ಎತ್ತಿಕೊಂಡು, ಬಾಯಿಗೆ ಹಾಕಿಕೊಳ್ಳದೆ, ಕೇಳಿದಳು.

"ಇದನ್ನ ಯಾರು ಮಾಡೋದು?"

"ಯಾರೂ ಮಾಡಲ್ಲ ಮೇಡಂ," ಎಂದ ಮೈದುನ. "ಮನೇಲಿ ಆಗತ್ತೆ."

"ಮನೇಲಿ ಹೇಗ್ರೀ ಆಗತ್ತೆ? ಗೋಡೆಯಿಂದ ಉದುರತ್ತಾ?"

ಗಂಡ ನಡುವೆ ಬಂದ. "ಅಯ್ಯೋ ಮೇಡಂ, ನಾವು ಮಾರಲ್ಲ ಇದನ್ನ. ಬಿಯರ್ ಜೊತೆ ಪುಕ್ಕಟೆ. ನಮ್ಮನೆಯವಳು ಹೊತ್ತು ಹೋಗ್ಲಿ ಅಂತ ನಾಲ್ಕು ಕಾಳು ಹುರೀತಾಳೆ, ಅಷ್ಟೇ."

"ಪುಕ್ಕಟೆ ತಿಂದ್ರೆ ಹೊಟ್ಟೆ ಕೆಡಲ್ವಾ?"

ಅತ್ತಿಗೆ ಇನ್ನೊಂದು ತಟ್ಟೆ ಹಿಡಿದು ಹಿಂಬಾಗಿಲಲ್ಲೇ ನಿಂತಿದ್ದಳು. ಇನ್‌ಸ್ಪೆಕ್ಟರಮ್ಮ ಅವಳ ಕೈ ನೋಡಿದಳು. ಬೆರಳ ತುದಿಗಳಲ್ಲಿ ಮೆಣಸಿನ ಕೆಂಪು, ಮೊಣಕೈ ಹತ್ತಿರ ಎಣ್ಣೆ ಸಿಡಿದ ಹಳೆಯ ಕಲೆಗಳು. "ನೀವೇನಾ ಅಮ್ಮಾ, ಇದನ್ನ ಮಾಡೋದು?" ಎಂದಳು. ಅತ್ತಿಗೆ ಗಂಡನ ಮುಖ ನೋಡಿ, ಆಮೇಲೆ "ಹೂಂ" ಎಂದಳು. ಆ ಶೆಡ್ಡಿನಲ್ಲಿ ಯಾರಾದರೂ ಅವಳನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಕೇಳಿದ್ದು ತಪ್ಪು ಹಿಡಿಯಲು ಬಂದವಳು ಎನ್ನುವುದು ಬೇರೆ ಮಾತು.

ನಿಯಮ ಸರಳವಾಗಿತ್ತು. ಕಾರ್ಖಾನೆಯಿಂದ ಬಂದ ಪೊಟ್ಟಣ ಒಡೆದು ಬಟ್ಟಲಿಗೆ ಸುರಿದು ಕೊಡುವುದಾದರೆ ಯಾವ ಅಡುಗೆಮನೆಯೂ ಬೇಡ. ಹುರಿದದ್ದು, ಬೇಯಿಸಿದ್ದು, ಹೆಚ್ಚಿದ್ದು ಕೊಡುವುದಾದರೆ ಮನೆಯಿಂದ ತರುವಂತಿಲ್ಲ. ಶೆಡ್ಡಿನೊಳಗೇ ಬೇರೆ ಅಡುಗೆಮನೆ ಇರಬೇಕು. ಅದರಲ್ಲಿ ಮೂರು ಸಿಂಕು: ತೊಳೆಯಲು, ಜಾಲಿಸಲು, ಕ್ರಿಮಿ ಸಾಯುವ ದ್ರಾವಣದಲ್ಲಿ ಅದ್ದಲು. ಕೈ ತೊಳೆಯುವ ಬೇಸಿನ್ನು ಬೇರೆ. ತಿಂಡಿಗೆಂದೇ ಒಂದು ಫ್ರಿಜ್ಜು. ಒಬ್ಬರು ಸರ್ಕಾರದ ತರಬೇತಿ ಪಡೆದು ಜವಾಬ್ದಾರಿ ಹೊರಬೇಕು, ಅವರ ಫೋಟೊ ಬಾಗಿಲ ಪಕ್ಕ ತೂಗಬೇಕು.

ಅಣ್ಣತಮ್ಮ ಮೊದಲು ಪೊಟ್ಟಣದ ದಾರಿ ಹಿಡಿದರು. ಮೇಷ್ಟ್ರು ಒಂದು ಕಾಳು ಕಡಿದು, "ಇದು ಕಡಲೆಯೋ, ಅಂಗಿ ಗುಂಡಿಯೋ?" ಎಂದು ಬಟ್ಟಲನ್ನು ದೂರ ತಳ್ಳಿದರು. ಗಿರಾಕಿಗಳು ಒಂದು ಗ್ಲಾಸಿಗೇ ಎದ್ದು ಹೋಗತೊಡಗಿದರು. ಖಾರ ತಿಂದವನಿಗೆ ಬಾಯಾರಿಕೆ, ಬಾಯಾರಿದವನಿಗೆ ಇನ್ನೊಂದು ಗ್ಲಾಸು. ಈ ವ್ಯಾಪಾರದ ಗುಟ್ಟು ಅಣ್ಣತಮ್ಮಂದಿರಿಗೆ ಅವಳ ಬಾಣಲೆ ಆರಿದ ಮೇಲೆ ಹೊಳೆಯಿತು. ಅಡುಗೆಮನೆ ಕಟ್ಟಿಸುವುದೆಂದು ತೀರ್ಮಾನವಾಯಿತು.

ತರಬೇತಿಗೆ ಹೋಗುವವರು ಯಾರು ಎಂಬ ಮಾತು ಊಟದ ಹೊತ್ತಿಗೆ ಬಂತು.

"ನಂದು ಬ್ಯಾಚ್ ಕುದೀತಿರತ್ತೆ, ಬಿಟ್ಟು ಹೋಗೋಕಾಗಲ್ಲ," ಎಂದ ಮೈದುನ.

"ನಾನು ಹೋದ್ರೆ ನಲ್ಲಿ ಯಾರು ನೋಡ್ತಾರೆ?" ಎಂದ ಗಂಡ. ಬಡಿಸುತ್ತಿದ್ದವಳ ಕಡೆ ತಲೆಯೆತ್ತದೆ ಹೇಳಿದ: "ಇವಳೇ ಹೋಗಿ ಬರ್ಲಿ ಬಿಡು. ಹೇಗೂ ಮನೇಲಿ ಖಾಲಿ ಇರ್ತಾಳಲ್ಲ."

ಖಾಲಿ ಇದ್ದವಳು ತರಬೇತಿಯ ದಿನ ನಸುಕಿಗೇ ಎದ್ದು, ಎರಡು ಹೊತ್ತಿನ ಅಡುಗೆ ಮಾಡಿ ಮುಚ್ಚಿಟ್ಟು, ಅತ್ತೆಯ ಬಟ್ಟೆ ಬದಲಿಸಿ, ಮಾತ್ರೆಗಳನ್ನು ಹೊತ್ತಿನ ಪ್ರಕಾರ ಬಟ್ಟಲುಗಳಲ್ಲಿ ಜೋಡಿಸಿಟ್ಟು ಹೋದಳು. ನಗರಸಭೆಯ ಸಭಾಂಗಣದಲ್ಲಿ ಹೋಟೆಲು ಬಾಣಸಿಗರ ನಡುವೆ ಕೂತಳು. ಪಾಠ ನಡೆಯುವಾಗ ಗಂಡನ ಫೋನು ಬಂತು. ಸಕ್ಕರೆ ಡಬ್ಬಿ ಎಲ್ಲಿ? ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಸಿಕ್ತು, ಮುಚ್ಚಳ ತೆಗೆಯೋಕೆ ಬರ್ತಿಲ್ಲ. ಪಕ್ಕದಲ್ಲಿದ್ದ ದಪ್ಪ ಮೀಸೆಯ ಬಾಣಸಿಗ ಕಿಸಕ್ಕನೆ ನಕ್ಕ: "ಅಮ್ಮಾ, ಮನೇಲಿ ಎಷ್ಟು ಚಿಕ್ಕ ಮಗು?"

"ಐವತ್ತರ ಹತ್ತಿರ ಬಂತು," ಎಂದಳು ಅತ್ತಿಗೆ.

ಬೇಯಿಸಿದ್ದನ್ನು ಹೊರಗೆ ಎಷ್ಟು ಹೊತ್ತು ಇಡಬಹುದು, ಹಸಿಯದನ್ನೂ ಬೆಂದದ್ದನ್ನೂ ಯಾಕೆ ಬೇರೆ ಇಡಬೇಕು, ಎಲ್ಲವನ್ನೂ ಅವಳು ಬಾಯಿಪಾಠ ಮಾಡಿಕೊಂಡಳು. ಅರ್ಧ ಅವಳಿಗೆ ತಾಯಿ ಬೈದು ಕಲಿಸಿದ್ದೇ. ಆದರೆ ತಾಯಿ ಬೈದದ್ದು ಸರ್ಕಾರದ ಮಾತೂ ಹೌದೆಂದು ತಿಳಿದಾಗ ಅವಳಿಗೆ ಒಂದು ಬಗೆಯ ಧೈರ್ಯ ಬಂತು. ಸಂಜೆ ಬಿಳಿ ಟೋಪಿ ಹಾಕಿಸಿ ಫೋಟೊ ತೆಗೆದರು. ಮದುವೆಯಾದ ಮೇಲೆ ಅವಳು ಒಬ್ಬಳೇ ನಿಂತು ತೆಗೆಸಿಕೊಂಡ ಫೋಟೊ ಇನ್ನೊಂದಿರಲಿಲ್ಲ.

ಅಡುಗೆಮನೆ ಎದ್ದದ್ದು ಧಾನ್ಯದ ಮೂಟೆ ಒಟ್ಟುತ್ತಿದ್ದ ಮೂಲೆಯಲ್ಲಿ. ಬಿಳಿ ಟೈಲು, ಸೊಂಟದ ಎತ್ತರಕ್ಕೆ ಸರಿಯಾದ ಕಟ್ಟೆ, ಮೂರು ಆಳ ಸಿಂಕು, ಬಿಸಿನೀರಿನ ನಲ್ಲಿ. ಮೊದಲ ದಿನಗಳಲ್ಲಿ ಅವಳು ಕೆಲಸವಿಲ್ಲದಾಗಲೂ ಹೋಗಿ ಬಿಸಿನೀರಿನ ಕೆಳಗೆ ಕೈ ಹಿಡಿದು ನಿಲ್ಲುತ್ತಿದ್ದಳು. ಬೆನ್ನು ಬಾಗಿಸದೆ ಪಾತ್ರೆ ತೊಳೆಯಬಹುದೆಂಬ ಸಂಗತಿ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಮೂಲೆಯೊಂದು ತನ್ನದಾಗಿ ಉಳಿದರೆ ಸಾಕು, ಬೇರೇನೂ ಬೇಡ ಎಂದುಕೊಂಡಳು. ಕೆಲಸ ಮಾಡುವವಳಿಗೆ ನಿಲ್ಲಲು ಒಂದು ಜಾಗ, ಅದರ ಬಾಗಿಲಲ್ಲಿ ಅವಳ ಮುಖ. ಆಸೆ ದೊಡ್ಡದೇನಾಗಿರಲಿಲ್ಲ.

ಮೊದಲು ಬಂದದ್ದು ಪೈಪು. ಟ್ಯಾಂಕಿನ ರಬ್ಬರ್ ಪೈಪುಗಳನ್ನು ಕಾಸ್ಟಿಕ್ಕಿನಲ್ಲಿ ನೆನೆಹಾಕಲು ಆಳವಾದ ಸಿಂಕಿಗಿಂತ ಒಳ್ಳೆಯ ಜಾಗ ಇನ್ನೆಲ್ಲಿ?

"ಒಂದೇ ಒಂದು ಸಲ ಅತ್ತಿಗೆ, ಮಧ್ಯಾಹ್ನದ ಹೊತ್ತಿಗೆ ತೆಗೆದುಬಿಡ್ತೀನಿ."

"ಅದರಲ್ಲಿ ತಿನ್ನೋ ಬಟ್ಟಲು ತೊಳೀಬೇಕು ಕಣಪ್ಪಾ."

"ಬಟ್ಟಲು ಮನೇಲಿ ತೊಳೀರಿ. ಮನೆ ಸಿಂಕ್ ಇದೆಯಲ್ಲ."

ಆಮೇಲೆ ನಲ್ಲಿಯ ಬಿಡಿಭಾಗಗಳು ಬಂದವು. ಆಮೇಲೆ ಎರಡನೆಯ ಸಿಂಕಿನಲ್ಲೂ ಪೈಪು. ಆಮೇಲೆ ಫ್ರಿಜ್ಜಿನ ಮೇಲಿನ ಅಂಕಣದಲ್ಲಿ ಬಿಯರನ್ನು ಹುದುಗಿಸುವ ಯೀಸ್ಟಿನ ಒಂದು ಜಾಡಿ ಬಂದು ಕೂತಿತು, ಒಂಟೆ ಡೇರೆಗೆ ಮೂಗು ತೂರಿಸಿದ ಹಾಗೆ. ಸ್ವಲ್ಪ ದಿನಕ್ಕೆ ಇಡೀ ಫ್ರಿಜ್ಜು ಯೀಸ್ಟು, ಪರೀಕ್ಷೆಗೆ ತೆಗೆದಿಟ್ಟ ಬಿಯರಿನ ಬಾಟಲಿಗಳು. ಅವಳು ಗಂಡನಿಗೆ ಹೇಳಿದಳು. ಗಂಡ, "ಅವನೇನು ಆಟ ಆಡ್ತಿದಾನಾ? ಹೊಟ್ಟೆಗೆ ಅನ್ನ ಹಾಕೋ ಕೆಲಸ ಅಲ್ವಾ ಅದು?" ಎಂದ. ಅವಳು ಮಾಡುತ್ತಿದ್ದದ್ದು ಯಾವ ಕೆಲಸವೋ.

ಹೀಗೆ ಅವಳು ಬಾಣಲೆ ಎತ್ತಿಕೊಂಡು ಅಂಗಳ ದಾಟಿ ಹಳೆಯ ಅಡುಗೆಕೋಣೆಗೇ ಮರಳಿದಳು. ಫೋಟೊ ಮಾತ್ರ ಶೆಡ್ಡಿನಲ್ಲಿ ಉಳಿಯಿತು.

ಇನ್‌ಸ್ಪೆಕ್ಟರಮ್ಮ ಎರಡನೇ ಸಲ ಬರುವ ಸುದ್ದಿ ಬೀದಿಯ ತುದಿಯ ಹೋಟೆಲಿನವನಿಂದ ಮೊದಲೇ ಮುಟ್ಟಿತು. ಅಣ್ಣತಮ್ಮ ಓಡಾಡಿ ಪೈಪು, ಜಾಡಿ ಎಲ್ಲ ಸಾಗಿಸಿದರು. "ಅತ್ತಿಗೆ, ಟೋಪಿ ಹಾಕ್ಕೊಂಡು ನಿಂತ್ಕೊಳ್ಳಿ ಬೇಗ," ಎಂದ ಮೈದುನ. ಅವಳು ನಿಂತಳು. ಇನ್‌ಸ್ಪೆಕ್ಟರಮ್ಮ ಸಿಂಕು ನೋಡಿ, ಫ್ರಿಜ್ಜು ತೆರೆದು, "ಚೆನ್ನಾಗಿ ಇಟ್ಕೊಂಡಿದೀರಮ್ಮಾ," ಎಂದಳು. ಹೇಳಬಹುದಾದ ಹೊತ್ತು ಅದಾಗಿತ್ತು. ಅತ್ತಿಗೆ ಹೇಳಲಿಲ್ಲ. ಹೇಳಿದರೆ ಬೀಗ ಬೀಳುವುದು ತನ್ನ ಅಡುಗೆಮನೆಗೇ ಎಂದು ಹೆದರಿದಳು. ಮನೆಯ ಮಾನ ಬಾಗಿಲು ದಾಟಬಾರದು ಎಂದು ಹೆಣ್ಣಿಗೆ ಕಲಿಸುವಷ್ಟು ಶ್ರದ್ಧೆಯಿಂದ ಜಗತ್ತು ಇನ್ನೇನನ್ನೂ ಕಲಿಸುವುದಿಲ್ಲ.

ಬೇಸಿಗೆಯ ಒಂದು ಭಾನುವಾರ ಊರಿನ ತಂಡದ ಫುಟ್‌ಬಾಲ್ ಪಂದ್ಯವಿತ್ತು. ಟ್ಯಾಪ್‌ರೂಮಿನಲ್ಲಿ ದೊಡ್ಡ ಟಿವಿ ಹಾಕಿಸಿದ್ದರು. ಬೆಳಿಗ್ಗೆಯೇ ಒಂದು ದೊಡ್ಡ ಪಾತ್ರೆ ಮೊಟ್ಟೆ ಬೇಯಿಸಿ, ಸುಲಿದು, ಅವಳು ಶೆಡ್ಡಿಗೆ ತಂದಳು. ಫ್ರಿಜ್ಜಿನಲ್ಲಿ ಒಂದು ಮೊಟ್ಟೆಗೂ ಜಾಗವಿರಲಿಲ್ಲ.

"ಎರಡು ಜಾಡಿ ಹೊರಗೆ ತೆಗೀ. ಮೊಟ್ಟೆ ಇಡಬೇಕು," ಎಂದಳು ಮೈದುನನಿಗೆ.

"ಅತ್ತಿಗೆ, ಯೀಸ್ಟ್ ಜೀವ ಇರೋ ವಸ್ತು. ಹೊರಗಿಟ್ರೆ ಸತ್ತುಹೋಗತ್ತೆ. ಮೊಟ್ಟೆ ಹೇಗೂ ಬೆಂದಾಗಿದೆಯಲ್ಲ, ಅದಕ್ಕಿನ್ನೇನಾಗಬೇಕು?"

"ಬೆಂದದ್ದೇ ಕೆಡೋದು ಕಣೋ."

"ನೀವೊಳ್ಳೆ ಇನ್‌ಸ್ಪೆಕ್ಟರ್ ಆಗಿಬಿಟ್ರಿ," ಎಂದು ನಕ್ಕು ಅವನು ಟ್ಯಾಂಕಿನ ಕಡೆ ಹೋದ.

ಮನೆಯ ಪುಟ್ಟ ಫ್ರಿಜ್ಜಿನಲ್ಲಿ ಹಾಲು, ಅತ್ತೆಯ ಔಷಧಿ, ನಾಳೆಯ ಮಾಂಸ. ಅವಳು ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಒದ್ದೆ ಬಟ್ಟೆ ಹೊದಿಸಿದಳು. ಪಂದ್ಯ ಶುರುವಾಗುವ ಹೊತ್ತಿಗೆ ನೀರು ಬೆಚ್ಚಗಾಗಿತ್ತು. ಒಂದು ಮೊಟ್ಟೆ ಮೂಸಿ ನೋಡಿದಳು. ವಾಸನೆಯಿರಲಿಲ್ಲ. ವಾಸನೆ ಇಲ್ಲದ್ದೇ ಹೆಚ್ಚು ಅಪಾಯ ಎಂದು ಸಭಾಂಗಣದಲ್ಲಿ ಕೇಳಿದ್ದು ನೆನಪಿಗೆ ಬಂತು. ಎಲ್ಲವನ್ನೂ ಚೆಲ್ಲಿಬಿಡಬೇಕು ಎನ್ನಿಸಿತು. ಚೆಲ್ಲಿದರೆ ಗಂಡ ಗಿರಾಕಿಗಳೆದುರು ಏನನ್ನುತ್ತಾನೆ ಎಂಬುದೂ ಹೊಳೆಯಿತು. ಅಷ್ಟರಲ್ಲಿ ಒಳಗಿನಿಂದ ಕೂಗು: "ಅತ್ತಿಗೆ, ಮೊಟ್ಟೆ! ಎಲ್ಲಿ ಹೋದ್ರಿ, ಕೋಳಿ ಹುಡುಕೋಕಾ?" ಇಡೀ ಟ್ಯಾಪ್‌ರೂಮು ನಕ್ಕಿತು. ಅವಳು ಮೊಟ್ಟೆ ಸೀಳಿದಳು, ಈರುಳ್ಳಿ ಉದುರಿಸಿದಳು, ಕೊಟ್ಟಳು.

ಮರುದಿನ ಬೆಳಿಗ್ಗೆಯಿಂದ ಫೋನು. ಒಬ್ಬನಿಗೆ ವಾಂತಿ, ಇನ್ನೊಬ್ಬನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಭೇದಿ. ಮೇಷ್ಟ್ರನ್ನು ಆಸ್ಪತ್ರೆಗೆ ಸೇರಿಸಿದ್ದರು. ಆ ವಯಸ್ಸಿನಲ್ಲಿ ಮೈಯ ನೀರು ಬತ್ತಿಹೋಗಿ ಪ್ರಾಣಕ್ಕೇ ಬಂದಿತ್ತು. ಡಾಕ್ಟರು ಹೇಗೋ ಉಳಿಸಿಕೊಂಡರು. ಸುದ್ದಿ ಕೇಳಿ ಅತ್ತಿಗೆ ಕಟ್ಟೆ ಹಿಡಿದು ನಿಂತಳು. ಮೈದುನ ನಿಲ್ಲಲಿಲ್ಲ. ಜಾಡಿಗಳನ್ನೆಲ್ಲ ಮಂಜುಗಡ್ಡೆಯ ಪೆಟ್ಟಿಗೆಗೆ ತುಂಬಿ ಗೆಳೆಯನ ಮನೆಗೆ ಸಾಗಿಸಿದ. ಸಿಂಕುಗಳನ್ನು ಫಳಫಳ ಉಜ್ಜಿದ. ಮದುವೆಯಾಗಿ ಬಂದಾಗಿನಿಂದ ಅವನು ಸಿಂಕು ಉಜ್ಜಿದ್ದನ್ನು ಅವಳು ನೋಡಿದ್ದು ಅದೊಂದೇ ಸಲ.

ಇನ್‌ಸ್ಪೆಕ್ಟರಮ್ಮ ಬಂದಳು. ಮೊದಲಿನ ಪ್ರಶ್ನೆಯನ್ನೇ ಕೇಳಿದಳು. ಈ ಸಲ ಉತ್ತರಕ್ಕೆ ತಡವಾಗಲಿಲ್ಲ.

"ಅತ್ತಿಗೇನೇ ಮೇಡಂ, ಪೂರ್ತಿ ಅವರದೇ ಜವಾಬ್ದಾರಿ," ಎಂದ ಮೈದುನ. "ನಾವು ಆ ಕಡೆ ತಲೇನೇ ಹಾಕಲ್ಲ. ಫೋಟೊ ಇದೆ ನೋಡಿ."

"ತರಬೇತಿಗೆ ಕಳಿಸಿದ್ವಿ, ಏನೇನು ಬೇಕೋ ಎಲ್ಲಾ ಮಾಡಿಸಿಕೊಟ್ವಿ," ಎಂದ ಗಂಡ. "ಇನ್ನೇನು ಮಾಡಬೇಕು ಹೇಳಿ."

ಅತ್ತಿಗೆ ಆ ದಿನ ಬಾಯಿಬಿಟ್ಟಳು. ಪೈಪಿನಿಂದ ಹಿಡಿದು ಯೀಸ್ಟಿನವರೆಗೆ, ಹೋದ ಸಲದ ಟೋಪಿಯ ನಾಟಕದವರೆಗೆ, ಒಂದನ್ನೂ ಬಿಡದೆ ಹೇಳಿದಳು. ಮೊಟ್ಟೆ ಕೆಟ್ಟಿರಬಹುದು ಅಂತ ಅನುಮಾನ ಇದ್ದೂ ಕೊಟ್ಟೆ, ಅದು ನನ್ನ ತಪ್ಪು ಎಂದೂ ಹೇಳಿದಳು. ಇನ್‌ಸ್ಪೆಕ್ಟರಮ್ಮ ಎದ್ದು ಫ್ರಿಜ್ಜು ತೆರೆದಳು. ಬಿಳಿ ಅಂಕಣಗಳು ಖಾಲಿಯಾಗಿ ಹೊಳೆಯುತ್ತಿದ್ದವು.

"ನಾನು ಕಂಡದ್ದನ್ನಷ್ಟೇ ಬರೀಬಲ್ಲೆ ಅಮ್ಮಾ," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. "ಹೋದ ಸಲ ನಾನು ಬಂದಾಗ ಹೇಳಬೇಕಿತ್ತು."

ಅಡುಗೆಮನೆಗೆ ಬೀಗ ಬಿತ್ತು. ಅತ್ತಿಗೆ ಇನ್ನು ಮುಂದೆ ಟ್ಯಾಪ್‌ರೂಮಿನ ತಿಂಡಿ ಮುಟ್ಟುವಂತಿಲ್ಲ; ತರಬೇತಿ ಪಡೆದ ಬೇರೆಯವರು ಬಂದ ಮೇಲೆ ಮತ್ತೆ ತಪಾಸಣೆ ಮಾಡಿ ಬೀಗ ತೆಗೆಯುವುದು. ಫೋಟೊವನ್ನು ಮೈದುನನೇ ಕಳಚಿದ. ಗಂಡ ಮೂರು ದಿನ ಮಾತಾಡಲಿಲ್ಲ. ಮಾತಾಡಿದಾಗ, "ಮನೆಯವರ ಮೇಲೇ ಚಾಡಿ ಹೇಳಿದ್ಯಲ್ಲೇ," ಎಂದ. ಆ ಮೂರು ದಿನವೂ ಹೊತ್ತು ಹೊತ್ತಿಗೆ ಅವನ ತಟ್ಟೆಗೆ ಊಟ ಬೀಳುತ್ತಿತ್ತು. ಅಂಗಳದ ಆಚೆ ಶೆಡ್ಡಿನಲ್ಲಿ ಅವಳ ಕೈ ಸರ್ಕಾರವೇ ಬೇಡವೆಂದ ಕೈ. ಈಚೆ ಅದೇ ಕೈ ಒಂದು ಹೊತ್ತು ತಡಮಾಡಿದರೂ ಮನೆಯವರು ಬಾಗಿಲಿಗೆ ಬಂದು ಇಣುಕುತ್ತಿದ್ದರು. ಈಚೆಯ ಅಡುಗೆಗೆ ಯಾವ ನಿಯಮವೂ ಇಲ್ಲ, ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಆಸ್ಪತ್ರೆಗೆ ಹೋಗಿ ಮೇಷ್ಟ್ರ ಕಾಲು ಮುಟ್ಟಿದಳು. ಅವರು ಬತ್ತಿದ ದನಿಯಲ್ಲಿ, "ಕಡಲೆ ಆಗಿದ್ರೆ ಏನೂ ಆಗ್ತಿರಲಿಲ್ಲ ಕಣಮ್ಮ. ನನ್ನ ಚಪಲ, ಮೊಟ್ಟೆ ತಿಂದೆ," ಎಂದರು. ಅವರು ನಗಿಸಲು ಹೇಳಿದ್ದು. ಅವಳಿಗೆ ಅಳು ಬಂತು.

ಹೊಸ ಅಡುಗೆಯವನು ಬಂದ. ಮೀಸೆ ಬಲಿಯದ ಹುಡುಗನಲ್ಲ, ಮೂರು ಹೋಟೆಲು ಕಂಡವನು. ಬಂದ ದಿನವೇ ಸಿಂಕು ನೋಡಿ, "ಇದಕ್ಕೆ ಪೈಪುಗೀಪು ಏನಾದ್ರೂ ಹಾಕಿದ್ರೆ ನಾನು ಒಂದು ದಿನ ಇರಲ್ಲ ಸ್ವಾಮಿ," ಎಂದ. ಮೈದುನ ಮರುಮಾತಾಡದೆ ಪೈಪಿಗೆಂದು ಬೇರೆ ತೊಟ್ಟಿ ಕಟ್ಟಿಸಿದ. ಯೀಸ್ಟಿಗೆ ಬೇರೆ ಫ್ರಿಜ್ಜು ಬಂತು. ತಲೆಯ ಮೇಲೊಂದು ಫ್ಯಾನೂ ಬಂತು, ಅವನು ಕೇಳದೆಯೇ. ಹೊಗೆಯಲ್ಲಿ ನಿಂತು ಕೆಲಸ ಮಾಡೋರಿಗೆ ಕಷ್ಟ ಆಗತ್ತಲ್ಲ ಎಂದು ಗಂಡನಿಗೇ ತೋಚಿತ್ತು.

ಕಡಲೆ ಮಾತ್ರ ಹದಕ್ಕೆ ಬರಲಿಲ್ಲ. ಒಂದು ದಿನ ಸೀದುಹೋಯಿತು, ಒಂದು ದಿನ ಮೆತ್ತಗಾಯಿತು. ಗಿರಾಕಿಗಳು ಗೊಣಗಿದರು. ಒಂದು ಬೆಳಿಗ್ಗೆ ಅಡುಗೆಯವನು ಅಂಗಳ ದಾಟಿ ಮನೆಯ ಹಿಂಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು ನಿಂತ. ಅತ್ತಿಗೆ ಒಂಟಿ ಸಿಂಕಿನ ಮುಂದೆ ಬಾಗಿ ರಾತ್ರಿಯ ಪಾತ್ರೆ ತಿಕ್ಕುತ್ತಿದ್ದಳು.

"ಅಕ್ಕಾ, ಯಜಮಾನ್ರು ಕಳಿಸಿದ್ರು. ನಿಮ್ಮ ಕಡಲೆ ಹದ ಒಂದು ಸಲ ತೋರಿಸಿಕೊಡಬೇಕಂತೆ."

"ತೋರಿಸಿಕೊಡೇ, ನಿನ್ನ ಗಂಟೇನು ಹೋಗತ್ತೆ?" ಎಂದು ಒಳಗಿನಿಂದ ಗಂಡನ ಕೂಗು ಬಂತು.

ಅತ್ತಿಗೆ ನೆಟ್ಟಗೆ ನಿಂತು ಸೊಂಟಕ್ಕೆ ಕೈ ಕೊಟ್ಟಳು. ಅಡುಗೆಯವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಒಳ್ಳೆಯವನ ಹಾಗೆಯೇ ಕಾಣುತ್ತಿದ್ದ.

"ನಿನಗೆ ರಜೆ ಇದೆಯೇನಪ್ಪಾ?"

"ಇದೆ ಅಕ್ಕಾ, ವಾರಕ್ಕೊಂದು. ಸೋಮವಾರ."

"ಹಾಗಾದ್ರೆ ಒಳಗೆ ಹೋಗಿ ಅವರನ್ನ ಕೇಳ್ಕೊಂಡು ಬಾ, ನನಗೆ ಯಾವ ವಾರ ರಜೆ ಅಂತ. ಆ ದಿನ ಬಿಡುವಾಗಿ ಕೂತು ಕಲಿಸ್ತೀನಿ."

ಅವನು ಒಳಗೆ ಹೋದ. ಮೊದಲು ಗಂಡನ ನಗು ಕೇಳಿಸಿತು, ತಮಾಷೆ ಕೇಳಿದವನ ನಗು. ಆಮೇಲೆ ಅದು ನಿಂತಿತು. ಅಡುಗೆಯವನು ತಿರುಗಿ ಹಿಂಬಾಗಿಲಿಗೆ ಬರಲಿಲ್ಲ. ಮುಂಬಾಗಿಲಿನಿಂದಲೇ ಶೆಡ್ಡಿಗೆ ಹೋಗಿರಬೇಕು, ಚಪ್ಪಲಿಯನ್ನೂ ಮರೆತು. ಸ್ವಲ್ಪ ಹೊತ್ತಿಗೆ ಶೆಡ್ಡಿನ ಕಡೆಯಿಂದ ಕಡಲೆ ಸೀದ ವಾಸನೆ ಬಂತು. ಉರಿ ಜೋರಾಯಿತು, ಇಳಿಸಬೇಕು ಎಂದು ಅವಳ ಮೂಗಿಗೆ ಗೊತ್ತಾಯಿತು. ಅವಳು ಕಿಟಕಿ ಮುಚ್ಚಿ, ಅತ್ತೆಯ ಗಂಜಿಗೆ ನೀರಿಟ್ಟಳು.